ಎರಡು ಆಸ್ಪತ್ರೆಗಳ ನಡುವಿನ ಅಮಾನತ್ತು

ತೀವ್ರ ನಿಗಾ ಘಟಕದ ಬಾಗಿಲು ತೆರೆದು ಸ್ಟ್ರೆಚರ್ ಹೊರಗೆ ಬರುವಾಗ, ಕಾದು ನಿಂತ ಮನೆಯವರಿಂದ ನಾವು ಕೇಳುವ ಮಾತು ಹೆಚ್ಚಾಗಿ ಒಂದೇ ಆಗಿರುತ್ತದೆ: “ಆದಷ್ಟು ಬೇಗ ತಲುಪಿಸಿ.” ಗೋಡೆಗೆ ಒರಗಿ ನಿಂತ ಉಮ್ಮ ತುಟಿಯಲ್ಲೇ ಯಾಸೀನ್ ಓದುತ್ತಿರುತ್ತಾರೆ. ಮಗ ದಾರಿ ಬಿಡಿಸಲು ಯಾರಾದರೂ ಪರಿಚಯದವರು ಸಿಗಬಹುದೇ ಎಂದು ಫೋನಿನಲ್ಲಿ ಹುಡುಕುತ್ತಿರುತ್ತಾನೆ. ಊರಿನ ಹಿರಿಯರೊಬ್ಬರು ಚಾಲಕನ ಹೆಗಲ ಮೇಲೆ ಕೈಯಿಟ್ಟು, “ಮೋನೇ, ಅಲ್ಲಾಹನ ಮೇಲೆ ಭರವಸೆಯಿಟ್ಟು ಬಿಡು” ಎನ್ನುತ್ತಾರೆ. ಆ ಮಾತಿನಲ್ಲಿ ಪ್ರೀತಿಯಿದೆ, ಈಮಾನ್ ಇದೆ, ಭಯವೂ ಇದೆ. ಅದನ್ನು ನಾವು ಗೌರವಿಸುತ್ತೇವೆ. ಆದರೆ ಆ ಹೊತ್ತಿನಲ್ಲಿ ನಮ್ಮ ಕಣ್ಣು ಇನ್ನೂ ರಸ್ತೆಯ ಕಡೆಗೆ ಹೊರಳಿರುವುದಿಲ್ಲ. ಅದು ಆಮ್ಲಜನಕದ ಸಿಲಿಂಡರಿನ ಮುಳ್ಳನ್ನು ನೋಡುತ್ತಿರುತ್ತದೆ.

ನಾವು ಆಂಬ್ಯುಲೆನ್ಸ್‌ನಲ್ಲಿ ದುಡಿಯುವವರು. ಅಪಘಾತ ನಡೆದ ಸ್ಥಳಕ್ಕೆ ಧಾವಿಸುವ ವಾಹನ ನಮ್ಮದಲ್ಲ. ಈಗಾಗಲೇ ಒಂದು ಆಸ್ಪತ್ರೆಯಲ್ಲಿ ದಾಖಲಾಗಿ, ಅಲ್ಲಿನ ಸೌಲಭ್ಯ ಸಾಲದೆಂದು ಇನ್ನೊಂದಕ್ಕೆ ಕಳುಹಿಸಲ್ಪಡುವ ರೋಗಿಗಳನ್ನು ಸಾಗಿಸುವುದು ನಮ್ಮ ಕೆಲಸ. ಪುತ್ತೂರು, ಸುಳ್ಯ, ಬೆಳ್ತಂಗಡಿ, ಮಡಿಕೇರಿಗಳಿಂದ ಮಂಗಳೂರಿಗೆ. ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ. ಒಬ್ಬ ವೈದ್ಯರ ಕೈಯಿಂದ ಹೊರಟು ಇನ್ನೊಬ್ಬ ವೈದ್ಯರ ಕೈಸೇರುವವರೆಗಿನ ಆ ಕೆಲವು ಗಂಟೆಗಳಲ್ಲಿ ರೋಗಿಯು ನಮ್ಮ ಬಳಿ ಇಟ್ಟ ಅಮಾನತ್ತು. ಈ ಅಮಾನತ್ತನ್ನು ಕಾಯುವ ಬಗೆಯ ಕುರಿತು ನಮ್ಮ ಸಮುದಾಯದಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ ಎಂದು ನಮಗೆ ಅನಿಸುತ್ತದೆ. ವೇಗವೇ ಸೇವೆ ಎಂದು ನಾವು ನಂಬಿದ್ದೇವೆ. ರೋಗಿಯ ಜೀವ ನಿಂತಿರುವುದಾದರೋ ಬಹುಪಾಲು ಹೊರಡುವ ಮೊದಲಿನ ಸಿದ್ಧತೆಯ ಮೇಲೆ.

2020ರ ಫೆಬ್ರವರಿಯಲ್ಲಿ ಹೃದಯದ ತೊಂದರೆಯಿದ್ದ 40 ದಿನಗಳ ಹಸುಗೂಸೊಂದನ್ನು ಮಂಗಳೂರಿನಿಂದ ಬೆಂಗಳೂರಿಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿಸಿದ ಸುದ್ದಿ ಬಹಳ ಜನರಿಗೆ ನೆನಪಿರಬಹುದು. ದಾರಿಯುದ್ದಕ್ಕೂ ಪೊಲೀಸರೂ ಸಾರ್ವಜನಿಕರೂ ವಾಹನಗಳನ್ನು ಬದಿಗೆ ಸರಿಸಿದರು. ಜಾತಿ, ಧರ್ಮ ಕೇಳದೆ ಊರೂರಿನ ಜನ ರಸ್ತೆಬದಿಯಲ್ಲಿ ನಿಂತು ಆ ಮಗುವಿಗಾಗಿ ಹಾರೈಸಿದರು. ಆ ದಿನ ನಾಡಿನ ಮನಸ್ಸು ಒಂದಾದುದನ್ನು ನೆನೆದಾಗ ಈಗಲೂ ಕಣ್ಣು ತುಂಬುತ್ತದೆ. ಅದು ಸಾಧ್ಯವಾದದ್ದು ಮೊದಲೇ ನಡೆದ ಏರ್ಪಾಡಿನಿಂದ. ಹೊರಡುವ ಸಮಯ ನಿಗದಿಯಾಗಿತ್ತು, ದಾರಿಯ ಠಾಣೆಗಳಿಗೆ ಸುದ್ದಿ ಮುಟ್ಟಿತ್ತು, ತಲುಪಬೇಕಾದ ಆಸ್ಪತ್ರೆ ಗೊತ್ತಾಗಿತ್ತು. ಆದರೆ ಅನಂತರ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದ್ದು ವೇಗದ ಚಿತ್ರ ಮಾತ್ರ. ಇಂದು ಎಲ್ಲ ರೋಗಿಗಳ ಮನೆಯವರೂ ಅದೇ ವೇಗವನ್ನು ಕೇಳುತ್ತಾರೆ. ಹೊಸದಾಗಿ ಸ್ಟಿಯರಿಂಗ್ ಹಿಡಿದ ನಮ್ಮ ತರುಣರಲ್ಲಿ ಕೆಲವರು ಅದನ್ನೇ ಪುಣ್ಯವೆಂದು ತಿಳಿಯುತ್ತಾರೆ.

ವೇಗವು ವಾಹನದೊಳಗಿನ ರೋಗಿಗೆ ಏನು ಮಾಡುತ್ತದೆ ಎಂಬುದನ್ನು ಹೊರಗಿನವರು ನೋಡಿರುವುದಿಲ್ಲ. ರಕ್ತಸ್ರಾವವಾಗಿ ರಕ್ತದೊತ್ತಡ ಕುಸಿದವನಿಗೆ ಒಂದು ಹಠಾತ್ ಬ್ರೇಕ್ ಬಿದ್ದರೂ ಒತ್ತಡ ಮತ್ತಷ್ಟು ಏರುಪೇರಾಗಬಹುದು. ತಲೆಗೆ ಪೆಟ್ಟು ಬಿದ್ದವನ ಮೆದುಳಿನೊಳಗಿನ ಒತ್ತಡ ಕುಲುಕಾಟದಿಂದ ಏರಬಹುದು. ಗಂಟಲಿನೊಳಗೆ ಇಳಿಸಿದ ಉಸಿರಾಟದ ನಳಿಕೆ ಒಂದು ತಿರುವಿನಲ್ಲಿ ಎರಡು ಬೆರಳಷ್ಟು ಸರಿದರೂ ಸಾಕು, ಗಾಳಿ ಒಂದೇ ಶ್ವಾಸಕೋಶಕ್ಕೆ ಹೋಗುತ್ತದೆ ಅಥವಾ ನಳಿಕೆಯೇ ಹೊರಬರುತ್ತದೆ. ಘಾಟಿಯ ತಿರುವುಗಳಲ್ಲಿ ಓಲಾಡುವ ವಾಹನದಲ್ಲಿ ಅದನ್ನು ಮತ್ತೆ ಕೂರಿಸುವುದು ನುರಿತ ವೈದ್ಯರಿಗೂ ಸುಲಭವಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದೇ ಸಮನೆ ಸಾಗುವ ವಾಹನವು 100ಕ್ಕೆ ಏರಿ 20ಕ್ಕೆ ಇಳಿಯುವ ವಾಹನಕ್ಕಿಂತ ಇಂಥ ರೋಗಿಗೆ ಎಷ್ಟೋ ಹಿತಕರ. ತಡವಾದರೆ ಕೆಡುವ ರೋಗಗಳಿವೆ. ಹೃದಯಾಘಾತ, ಪಾರ್ಶ್ವವಾಯು, ನಿಲ್ಲದ ರಕ್ತಸ್ರಾವಗಳಲ್ಲಿ ನಿಮಿಷಗಳಿಗೂ ಬೆಲೆಯಿದೆ. ಆದರೆ ಅಲ್ಲಿ ಕೂಡ ಆ ನಿಮಿಷಗಳು ಹೆಚ್ಚಾಗಿ ಕಳೆದುಹೋಗುವುದು ರಸ್ತೆಗಿಂತ ಮೊದಲೇ: ಹೋಗಬೇಕೇ ಬೇಡವೇ ಎಂಬ ಚರ್ಚೆಯಲ್ಲಿ, ಯಾವ ಆಸ್ಪತ್ರೆ ಎಂಬ ಹಟದಲ್ಲಿ, ಹಾಸಿಗೆ ಇದೆಯೇ ಎಂದು ಕೇಳದೆ ಹೊರಟು ಬಾಗಿಲಿನಿಂದ ಬಾಗಿಲಿಗೆ ಅಲೆಯುವುದರಲ್ಲಿ.

ಆಮ್ಲಜನಕದ ಲೆಕ್ಕವನ್ನೇ ನೋಡಿ. ವಾಹನಗಳಲ್ಲಿ ಸಾಮಾನ್ಯವಾಗಿ ಇಡುವ ಸಣ್ಣ ‘ಬಿ’ ಮಾದರಿಯ ಸಿಲಿಂಡರ್ ಪೂರ್ತಿ ತುಂಬಿದ್ದರೆ ಸುಮಾರು 1500 ಲೀಟರ್ ಆಮ್ಲಜನಕ ಕೊಡುತ್ತದೆ. ರೋಗಿಗೆ ನಿಮಿಷಕ್ಕೆ 10 ಲೀಟರ್ ಬೇಕಾದರೆ ಅದು ಎರಡೂವರೆ ಗಂಟೆಗೆ ಖಾಲಿ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಮಳೆಗಾಲದಲ್ಲಿ ಘಾಟಿಯ ರಸ್ತೆಯನ್ನೂ ಸೇರಿಸಿ ಎಂಟು ಗಂಟೆಯೆಂದು ಹಿಡಿದರೆ 4800 ಲೀಟರ್ ಬೇಕು. ದಾರಿಯಲ್ಲಿ ಗುಡ್ಡ ಕುಸಿದರೆ, ಲಾರಿ ಅಡ್ಡ ಬಿದ್ದರೆ ಎಂದು ಅದರ ಎರಡರಷ್ಟು ಒಯ್ಯಬೇಕೆಂಬುದು ನಮ್ಮ ವೃತ್ತಿಯ ನಿಯಮ. ಅಂದರೆ 7000 ಲೀಟರಿನ ದೊಡ್ಡ ‘ಡಿ’ ಸಿಲಿಂಡರ್ ಒಂದು, ಅದರೊಂದಿಗೆ ಸಣ್ಣವು ಎರಡಾದರೂ ಇರಬೇಕು. ಇದು ಮದ್ರಸದ ನಾಲ್ಕನೆಯ ತರಗತಿಯ ಮಗುವೂ ಮಾಡಬಲ್ಲ ಗುಣಾಕಾರ. ಆದರೂ ಈ ಗುಣಾಕಾರ ಮಾಡದೆ ಹೊರಡುವ ವಾಹನಗಳು ಇವೆ. ಒಮ್ಮೆ ನಾವೂ ಹಾಗೆಯೇ ಹೊರಟಿದ್ದೆವು.

ಅದನ್ನು ಇಲ್ಲಿ ಹೇಳಲೇಬೇಕು. ತಾಲೂಕು ಕೇಂದ್ರವೊಂದರಿಂದ ಮಂಗಳೂರಿಗೆ ಒಂದೂವರೆ ಗಂಟೆಯ ದಾರಿ. ನ್ಯುಮೋನಿಯಾದಿಂದ ಉಸಿರು ಕಟ್ಟುತ್ತಿದ್ದ ಮಧ್ಯವಯಸ್ಸಿನ ಗೃಹಸ್ಥರು. ಸಣ್ಣ ಸಿಲಿಂಡರ್ ಮುಕ್ಕಾಲು ಭಾಗ ತುಂಬಿತ್ತು. ಇನ್ನೊಂದನ್ನು ತುಂಬಿಸಲು ಕೊಟ್ಟದ್ದು ಬಂದಿರಲಿಲ್ಲ. ಮನೆಯವರು ಅವಸರಿಸಿದರು. “ಒಂದೂವರೆ ಗಂಟೆಗೆ ಇದು ಸಾಕು, ಅಲ್ಲಾಹನಿದ್ದಾನೆ” ಎಂದು ನಮ್ಮಲ್ಲೊಬ್ಬರು ಹೇಳಿದರು, ಉಳಿದವರು ಒಪ್ಪಿದೆವು. ದಾರಿಯಲ್ಲಿ ಟ್ಯಾಂಕರೊಂದು ಮಗುಚಿ ಹೆದ್ದಾರಿ ಮುಚ್ಚಿತ್ತು. ಒಂದು ಗಂಟೆ ಕದಲಲಿಲ್ಲ. ಮುಳ್ಳು ಕೆಂಪು ಗೆರೆಗೆ ಇಳಿಯುವುದನ್ನು ನೋಡುತ್ತ, ಸೈರನ್ ಹಾಕಿಕೊಂಡು ನಿಂತಲ್ಲೇ ನಿಂತೆವು. ಕೊನೆಗೆ ಒಬ್ಬರು ಇಳಿದು ಓಡಿ, ರಸ್ತೆಬದಿಯ ಚಿಕ್ಕ ನರ್ಸಿಂಗ್ ಹೋಮ್ ಒಂದರಿಂದ ಸಿಲಿಂಡರನ್ನು ಬೇಡಿ ಹೆಗಲ ಮೇಲೆ ಹೊತ್ತು ತಂದರು. ಅದು ಬರುವವರೆಗೆ ಕೈಯಿಂದ ಗಾಳಿಯ ಚೀಲ ಒತ್ತುತ್ತ ಕಳೆದ ಆ ನಿಮಿಷಗಳನ್ನು ನಾವು ಖಿಯಾಮತ್ ದಿನದವರೆಗೂ ಮರೆಯಲಾರೆವು. ಅಲ್ಹಮ್ದುಲಿಲ್ಲಾಹ್, ರೋಗಿ ಬದುಕಿದರು. ಆಸ್ಪತ್ರೆಯ ಬಾಗಿಲಲ್ಲಿ ಅವರ ಮಗ ನಮ್ಮ ಕೈ ಹಿಡಿದು ಅತ್ತರು, ದುಆ ಮಾಡಿದರು. ಆ ದುಆ ನಮ್ಮ ಮೈ ಸುಟ್ಟಿತು. ಒಂದು ವಾರದ ನಂತರ ಅವರ ಮನೆಗೆ ಹೋಗಿ ನಡೆದುದನ್ನು ಹೇಳಿ ಕ್ಷಮೆ ಕೇಳಿದೆವು. ಮಗ ಬಹಳ ಹೊತ್ತು ಸುಮ್ಮನಿದ್ದರು. ಒಳಗಿನಿಂದ ಅವರ ಉಮ್ಮ ಹೇಳಿದರು: “ನಮ್ಮಲ್ಲಿ ಹೇಳಿದಿರಿ, ಒಳ್ಳೆಯದಾಯಿತು. ಇನ್ನೊಬ್ಬರ ಮನೆಯವರಿಗೆ ಹೀಗೆ ಮಾಡಬೇಡಿ.” ಅಂದಿನಿಂದ ನಮ್ಮ ವಾಹನದ ಬಾಗಿಲಿಗೆ ಒಂದು ಪಟ್ಟಿ ಅಂಟಿಸಿದೆ. ಅದರ ಪ್ರತಿಯೊಂದು ಸಾಲಿಗೂ ಗುರುತು ಬೀಳದೆ, ಯಾರು ಎಷ್ಟೇ ಅವಸರಿಸಿದರೂ, ವಾಹನ ಕದಲುವುದಿಲ್ಲ.

ಆ ದಿನ ನಾವು ಆಡಿದ “ಅಲ್ಲಾಹನಿದ್ದಾನೆ” ಎಂಬ ಮಾತು ತವಕ್ಕುಲ್ ಆಗಿರಲಿಲ್ಲ. ನಮ್ಮ ಸೋಮಾರಿತನಕ್ಕೆ ಅಲ್ಲಾಹನ ಹೆಸರನ್ನು ಹೊದಿಸಿದ್ದೆವು. ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟಿ ಬಳಿಕ ಭರವಸೆಯಿಡುವಂತೆ ಪ್ರವಾದಿ(ಸ)ರು ಕಲಿಸಿದ್ದನ್ನು ತಿರ್ಮಿದಿಯ ಹದೀಸ್‌ನಲ್ಲಿ ನಾವೆಲ್ಲ ಓದಿದ್ದೇವೆ. ನಮ್ಮ ಕೆಲಸದಲ್ಲಿ ಒಂಟೆ ಕಟ್ಟುವುದೆಂದರೆ ಸಿಲಿಂಡರ್ ತುಂಬಿಸುವುದು, ವೆಂಟಿಲೇಟರಿನ ಬ್ಯಾಟರಿ ನೋಡುವುದು, ಸಿರಿಂಜ್ ಪಂಪಿನಲ್ಲಿ ಹರಿಯುತ್ತಿರುವ ಔಷಧಿ ದಾರಿಯ ನಡುವೆ ಮುಗಿಯದಂತೆ ಇನ್ನೊಂದನ್ನು ಸಿದ್ಧವಾಗಿಡುವುದು, ನಳಿಕೆಯನ್ನು ಭದ್ರವಾಗಿ ಬಿಗಿಯುವುದು, ತಲುಪುವ ಆಸ್ಪತ್ರೆಗೆ ಫೋನ್ ಮಾಡಿ ಹಾಸಿಗೆಯನ್ನೂ ವೈದ್ಯರನ್ನೂ ಖಚಿತಪಡಿಸಿಕೊಳ್ಳುವುದು. ಇವೆಲ್ಲ ಮುಗಿದ ಮೇಲೆ ಬಿಸ್ಮಿಲ್ಲಾಹ್ ಎಂದು ಗೇರ್ ಹಾಕಿದರೆ ಅದು ತವಕ್ಕುಲ್.

ಗಾಯಾಳುಗಳನ್ನು ಸಾಗಿಸುವ ಕೆಲಸ ನಮ್ಮ ದೀನಿಗೆ ಹೊಸತೇನೂ ಅಲ್ಲ. ಪ್ರವಾದಿವರ್ಯರ(ಸ) ಜೊತೆ ಯುದ್ಧಭೂಮಿಗೆ ಹೋಗಿ, ನೀರು ಕೊಟ್ಟು, ಗಾಯಕ್ಕೆ ಮದ್ದು ಮಾಡಿ, ಗಾಯಾಳುಗಳನ್ನೂ ಹುತಾತ್ಮರನ್ನೂ ಮದೀನಾಕ್ಕೆ ಸಾಗಿಸುತ್ತಿದ್ದುದಾಗಿ ಮುಅವ್ವಿದ್‌ರ ಪುತ್ರಿ ರುಬಯ್ಯಿಅ್(ರ) ಅವರು ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಕಂದಕ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ)ರ ತೋಳಿನ ನರಕ್ಕೆ ಬಾಣ ತಗಲಿದಾಗ, ಹತ್ತಿರದಿಂದ ಅವರ ಯೋಗಕ್ಷೇಮ ನೋಡಿಕೊಳ್ಳಲೆಂದು ಪ್ರವಾದಿ(ಸ)ರು ಮಸೀದಿಯೊಳಗೇ ಡೇರೆ ಹಾಕಿಸಿದರು. ಆ ಡೇರೆಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತಿದ್ದವರು ಅಸ್ಲಮ್ ಗೋತ್ರದ ರುಫೈದಾ(ರ) ಎಂದು ಚರಿತ್ರೆಯ ಗ್ರಂಥಗಳು ಹೇಳುತ್ತವೆ. ರೋಗಿಯನ್ನು ಎಲ್ಲಿಡಬೇಕು, ಯಾರ ಕೈಗೊಪ್ಪಿಸಬೇಕು, ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗಳಿಗೆ ಅಂದು ಉತ್ತರ ಹುಡುಕಿದ್ದು ಮಸೀದಿಯ ಅಂಗಳದಲ್ಲಿ. ಇಂದು ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ಹೊರಟಾಗ ಹುಬ್ಬೇರಿಸುವವರು, ತಮ್ಮ ಮನೆಯ ಹೆಂಗಸು ಸ್ಟ್ರೆಚರಿನ ಮೇಲಿರುವಾಗ “ಹೆಣ್ಣು ನರ್ಸ್ ಇಲ್ಲವೇ?” ಎಂದು ನಮ್ಮನ್ನು ಕೇಳುತ್ತಾರೆ. ರುಬಯ್ಯಿಅ್ ಮತ್ತು ರುಫೈದಾರ ಹೆಸರುಗಳನ್ನು ಅವರು ಮತ್ತೊಮ್ಮೆ ನೆನೆಯಲಿ.

ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂಬ ಆಜ್ಞೆ ಸೂರಃ ಅನ್ನಿಸಾದ 58ನೆಯ ವಚನದಲ್ಲಿದೆ. ಒಪ್ಪಿಸುವುದೆಂದರೆ ಸ್ಟ್ರೆಚರ್ ಇಳಿಸಿ ಬಾಡಿಗೆ ಪಡೆದು ಮರಳುವುದಲ್ಲ. ಯಾವ ಔಷಧಿ ಎಷ್ಟು ಗಂಟೆಗೆ ಕೊಟ್ಟದ್ದು, ದಾರಿಯಲ್ಲಿ ರಕ್ತದೊತ್ತಡ ಯಾವಾಗ ಇಳಿಯಿತು, ಯಾವ ಮದ್ದು ಮೈಗೆ ಒಗ್ಗುವುದಿಲ್ಲ, ಮೊದಲ ಆಸ್ಪತ್ರೆಯ ಸ್ಕ್ಯಾನ್ ಎಲ್ಲಿದೆ ಎಂಬುದೆಲ್ಲ ಬರಹದಲ್ಲಿ ಮುಂದಿನ ವೈದ್ಯರ ಕೈಸೇರಬೇಕು. ನಮ್ಮಿಂದ ದಾರಿಯಲ್ಲಿ ತಪ್ಪಾಗಿದ್ದರೆ ಅದನ್ನೂ ಹೇಳಬೇಕು. ಮುಚ್ಚಿಟ್ಟ ಒಂದು ಮಾತು ರೋಗಿಯ ಜೀವ ತೆಗೆಯಬಹುದು. ಈ ಅಮಾನತ್ತಿನಲ್ಲಿ ರೋಗಿಯ ಹೆಸರು, ಧರ್ಮ, ಊರು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ನಮ್ಮ ವಾಹನದಲ್ಲಿ ಮಲಗಿದವರ ಹಣೆಯಲ್ಲಿ ಒಮ್ಮೆ ಕುಂಕುಮವಿರುತ್ತದೆ, ಒಮ್ಮೆ ಸುಜೂದಿನ ಗುರುತಿರುತ್ತದೆ, ಒಮ್ಮೆ ಕೊರಳಲ್ಲಿ ಶಿಲುಬೆಯಿರುತ್ತದೆ. ಮಾನಿಟರಿನ ಗೆರೆ ಎಲ್ಲರದೂ ಒಂದೇ ಬಗೆ.

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ಬಡವನ ಪಾಡು ಈ ದೇಶದ ಅತ್ಯುನ್ನತ ನ್ಯಾಯಾಲಯದ ಮೆಟ್ಟಿಲನ್ನೂ ಏರಿದ್ದಿದೆ. ಪಶ್ಚಿಮ ಬಂಗಾಳದ ಕೃಷಿ ಕಾರ್ಮಿಕ ಹಕೀಮ್ ಶೇಖ್ ಎಂಬವರು 1992ರ ಜುಲೈ 8ರ ಸಂಜೆ ಮಥುರಾಪುರ ನಿಲ್ದಾಣದಲ್ಲಿ ರೈಲಿನಿಂದ ಬಿದ್ದರು. ತಲೆಗೆ ತೀವ್ರ ಪೆಟ್ಟಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸೌಲಭ್ಯವಿರಲಿಲ್ಲ. ಅಲ್ಲಿಂದ ಆ ರಾತ್ರಿಯಿಡೀ ಕಲ್ಕತ್ತದ ಒಂದಾದ ಮೇಲೊಂದು ಸರ್ಕಾರಿ ಆಸ್ಪತ್ರೆಗೆ ಒಯ್ದರೂ ಹಾಸಿಗೆಯಿಲ್ಲ ಅಥವಾ ಸೌಲಭ್ಯವಿಲ್ಲ ಎಂಬ ಉತ್ತರವೇ ಸಿಕ್ಕಿತು. ಕೊನೆಗೆ ಖಾಸಗಿ ಆಸ್ಪತ್ರೆಗೆ ಸೇರಿ ಸುಮಾರು 17,000 ರೂಪಾಯಿ ಖರ್ಚು ಮಾಡಬೇಕಾಯಿತು. ಅವರ ಸಂಘಟನೆಯಾದ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿಯು ಹೂಡಿದ ದಾವೆಯಲ್ಲಿ 1996ರ ಮೇ 6ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು ಸಾರಿ, ಅವರಿಗೆ 25,000 ರೂಪಾಯಿ ಪರಿಹಾರ ಕೊಡಿಸಿತು. ಎಲ್ಲಿ ಹಾಸಿಗೆಯಿದೆಯೆಂದು ಮೊದಲೇ ತಿಳಿಯುವ ಕೇಂದ್ರೀಕೃತ ಸಂಪರ್ಕ ವ್ಯವಸ್ಥೆ ಇರಬೇಕು, ಕೆಳಗಿನ ಆಸ್ಪತ್ರೆಯಿಂದ ಮೇಲಿನ ಆಸ್ಪತ್ರೆಗೆ ಸಾಗಿಸಲು ಆಂಬ್ಯುಲೆನ್ಸ್ ಇರಬೇಕು, ಅದರಲ್ಲಿ ಅಗತ್ಯ ಉಪಕರಣಗಳೂ ವೈದ್ಯಕೀಯ ಸಿಬ್ಬಂದಿಯೂ ಇರಬೇಕು ಎಂಬುದನ್ನೂ ಅದೇ ತೀರ್ಪು ಹೇಳಿತು. ಉಪಕರಣ ಮತ್ತು ಸಿಬ್ಬಂದಿ ಎಂಬ ಈ ಎರಡು ಪದಗಳನ್ನು ನಮ್ಮ ಜಮಾಅತ್‌ಗಳ ಹೊಣೆಗಾರರ ಮುಂದಿಡಲು ಬಯಸುತ್ತೇವೆ.

ಕರ್ನಾಟಕದಲ್ಲಿ 2008ರಿಂದ 108 ಆರೋಗ್ಯ ಕವಚ ಸೇವೆಯಿದ್ದರೂ, ಆಸ್ಪತ್ರೆಯಿಂದ ಆಸ್ಪತ್ರೆಗೆ ದೂರದ ಪ್ರಯಾಣಕ್ಕೆ ಜನ ಖಾಸಗಿ ಮತ್ತು ಸಂಘಸಂಸ್ಥೆಗಳ ವಾಹನಗಳನ್ನೇ ನಂಬಬೇಕಾಗುತ್ತದೆ. ಈ ಕೊರತೆಯನ್ನು ಕಂಡು ನಮ್ಮ ಜಮಾಅತ್‌ಗಳು, ಯುವಕ ಸಂಘಗಳು, ಕೊಲ್ಲಿಯಲ್ಲಿ ದುಡಿಯುವ ಅನಿವಾಸಿಗಳ ಕೂಟಗಳು ಆಂಬ್ಯುಲೆನ್ಸ್‌ಗಳನ್ನು ಕೊಂಡು ಕೊಟ್ಟಿವೆ. ಅಲ್ಲಾಹನು ಅವರ ಈ ಸದಖಃವನ್ನು ಸ್ವೀಕರಿಸಲಿ. ಆದರೆ ಲೋಕಾರ್ಪಣೆಯ ದಿನ ಪತ್ರಿಕೆಯಲ್ಲಿ ಬರುವ ಚಿತ್ರದಲ್ಲಿ ಇರುವುದೇನು? ಹೊಸ ವಾಹನ, ಅದರ ಸುತ್ತ ಗಣ್ಯರು, ಬದಿಯಲ್ಲಿ ದಾನಿಗಳ ಹೆಸರು. ವಾಹನದೊಳಗೆ ಹಲವೊಮ್ಮೆ ಒಂದು ಸ್ಟ್ರೆಚರ್, ಒಂದು ಸಿಲಿಂಡರ್, ಹನ್ನೆರಡು ಸಾವಿರಕ್ಕೆ ದುಡಿಯುವ ಒಬ್ಬ ಚಾಲಕ, ಅಷ್ಟೇ.

ನಮ್ಮ ದೇಶದ ನಿಯಮಗಳು ರಸ್ತೆ ಆಂಬ್ಯುಲೆನ್ಸ್‌ಗಳನ್ನು ಎ, ಬಿ, ಸಿ, ಡಿ ಎಂದು ನಾಲ್ಕಾಗಿ ವಿಂಗಡಿಸಿವೆ. ರೋಗಿಯನ್ನು ಮಲಗಿಸಿ ಒಯ್ಯಲು ಮಾತ್ರ ತಕ್ಕದಾದ ವಾಹನ ಬೇರೆ, ಮೂಲಭೂತ ಜೀವರಕ್ಷಕ ಸೌಲಭ್ಯವಿರುವುದು ಬೇರೆ, ವೆಂಟಿಲೇಟರ್ ಸಹಿತ ಉನ್ನತ ಜೀವರಕ್ಷಕ ವಾಹನ ಬೇರೆ. ಮೊದಲಿನ ಬಗೆಯ ವಾಹನ ಕೊಟ್ಟರೆ ಅದೂ ಉತ್ತಮ ಸೇವೆಯೇ. ಡಯಾಲಿಸಿಸ್‌ಗೆ ಹೋಗುವವರಿಗೆ, ಕಾಲು ಮುರಿದವರಿಗೆ ಅದು ಸಾಕು. ಅದರಲ್ಲಿ ವೆಂಟಿಲೇಟರಿನ ಮೇಲಿರುವ ರೋಗಿಯನ್ನು ಹತ್ತಿಸಿಕೊಳ್ಳುವುದು ಮಾತ್ರ ಸೇವೆಯಾಗದು. ಆಗ “ನಮ್ಮಿಂದ ಆಗದು, ತಕ್ಕ ವಾಹನ ಕರೆಸಿ” ಎನ್ನುವ ಧೈರ್ಯ ಚಾಲಕನಿಗೆ ಇರಬೇಕು. ಹಾಗೆ ಹೇಳಿದವನನ್ನು ಕರೆಸಿ ಗದರುವ ಬದಲು ಬೆನ್ನು ತಟ್ಟುವ ಜಮಾಅತ್ ಇರಬೇಕು.

ನಮ್ಮ ಪೂರ್ವಿಕರು ಇದನ್ನು ಅರಿತಿದ್ದರು. 1284ರಲ್ಲಿ ಸುಲ್ತಾನ್ ಖಲಾವೂನ್ ಕೈರೋದಲ್ಲಿ ಸ್ಥಾಪಿಸಿದ ಮನ್ಸೂರಿ ಆಸ್ಪತ್ರೆಗೆ ಕಟ್ಟಡದೊಂದಿಗೆ ವಕ್ಫ್ ಆಸ್ತಿಗಳನ್ನೂ ಬಿಟ್ಟುಕೊಟ್ಟಿದ್ದರು. ಅವುಗಳ ಆದಾಯದಿಂದ ವೈದ್ಯರ ಸಂಬಳ, ಪರಿಚಾರಕರ ಕೂಲಿ, ಔಷಧಿ, ರೋಗಿಗಳ ಆಹಾರ ಎಲ್ಲವೂ ನಡೆಯುತ್ತಿದ್ದವು. ಆಸ್ಪತ್ರೆ ಶತಮಾನಗಳ ಕಾಲ ಬಾಳಿತು. ಕಲ್ಲಿನ ಗೋಡೆಯಷ್ಟೇ ಇದ್ದಿದ್ದರೆ ಅದು ಒಂದು ತಲೆಮಾರಿಗೇ ಮುಗಿಯುತ್ತಿತ್ತು. ಇಂದಿನ ದಾನಿಯೂ ಹೀಗೆ ಯೋಚಿಸಬಹುದಲ್ಲವೇ? ಒಂದು ಊರಿಗೆ ಇನ್ನೊಂದು ವಾಹನ ಕೊಡುವ ಬದಲು, ಇರುವ ವಾಹನಕ್ಕೆ ತರಬೇತಿ ಪಡೆದ ತುರ್ತು ವೈದ್ಯಕೀಯ ತಂತ್ರಜ್ಞನೊಬ್ಬನ ಒಂದು ವರ್ಷದ ಸಂಬಳ ಕೊಡಲಿ. ದೂರದ ಪ್ರಯಾಣಕ್ಕೆ ಎರಡನೆಯ ಚಾಲಕನನ್ನು ಕೊಡಲಿ. ಮಾನಿಟರ್, ಸಿರಿಂಜ್ ಪಂಪ್‌ಗಳ ದುರಸ್ತಿಯ ಖರ್ಚು ಕೊಡಲಿ. ಅವುಗಳ ಮುಂದೆ ರಿಬ್ಬನ್ ಕತ್ತರಿಸಲು ಆಗುವುದಿಲ್ಲ, ನಿಜ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಂಥ ದಾನವನ್ನು ಬಯಸುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿದೆ?

ಚಾಲಕರ ನಿದ್ದೆಯ ಕುರಿತೂ ಒಂದು ಮಾತು. ರಾತ್ರಿ ಬೆಂಗಳೂರಿಗೆ ಹೋಗಿ, ಮುಂಜಾನೆ ಅಲ್ಲಿಂದ ಹೊರಟು, ಮಧ್ಯಾಹ್ನ ಊರಿಗೆ ತಲುಪಿ, ಸಂಜೆ ಮತ್ತೊಂದು ಕರೆಗೆ ಹೊರಡುವವರನ್ನು ನಾವು ‘ದಣಿವರಿಯದ ಸೇವಕ’ ಎಂದು ಸನ್ಮಾನಿಸುತ್ತೇವೆ. ದೇಹಕ್ಕೂ ಕಣ್ಣಿಗೂ ನಮ್ಮ ಮೇಲೆ ಹಕ್ಕಿದೆಯೆಂದು ಪ್ರವಾದಿ(ಸ)ರು ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಹೇಳಿದ್ದು ನಮಾಝ್ ಮತ್ತು ಉಪವಾಸದ ವಿಷಯದಲ್ಲಿ. ಇಬಾದತ್ತಿನಲ್ಲೇ ದೇಹದ ಹಕ್ಕನ್ನು ಕಸಿಯಬಾರದೆಂದಾದರೆ, ಇನ್ನೊಬ್ಬರ ಜೀವವನ್ನು ಹಿಂದೆ ಮಲಗಿಸಿಕೊಂಡು ಸ್ಟಿಯರಿಂಗ್ ಹಿಡಿದವನ ನಿದ್ದೆಯನ್ನು ಕಸಿಯುವುದು ಹೇಗೆ ಪುಣ್ಯವಾದೀತು?

ನಮ್ಮ ಅನೇಕ ವಾಹನಗಳ ಮೇಲೆ ಸೂರಃ ಅಲ್‌ಮಾಇದಾದ 32ನೆಯ ವಚನದ ಒಂದು ಭಾಗ ಬರೆದಿರುತ್ತದೆ. ಒಂದು ಜೀವವನ್ನು ಉಳಿಸುವುದು ಇಡೀ ಮಾನವಕುಲವನ್ನು ಉಳಿಸಿದಂತೆ ಎಂಬ ಆಶಯದ ಭಾಗ ಅದು. ಅದಕ್ಕೂ ಮೊದಲು, ಅನ್ಯಾಯವಾಗಿ ಒಂದು ಜೀವ ತೆಗೆಯುವುದನ್ನು ಇಡೀ ಮಾನವಕುಲದ ಕೊಲೆಗೆ ಹೋಲಿಸಿದ ಭಾಗವಿದೆ. ಅದನ್ನು ಯಾರೂ ವಾಹನದ ಮೇಲೆ ಬರೆಸುವುದಿಲ್ಲ. ರಸ್ತೆ ದಾಟುವ ಶಾಲಾ ಬಾಲಕ, ತಿರುವಿನಲ್ಲಿ ಎದುರಾಗುವ ಬೈಕಿನ ದಂಪತಿ, ಇವರ ಜೀವವೂ ನಮ್ಮ ರೋಗಿಯ ಜೀವದಷ್ಟೇ ಪವಿತ್ರ. ಅಜಾಗರೂಕತೆಯಿಂದಾದ ಸಾವು ಕೊಲೆಯಲ್ಲ. ಆದರೂ ಶರೀಅತ್ ಅದನ್ನು ಲೆಕ್ಕಕ್ಕೆ ಬಾರದ ಸಂಗತಿಯೆಂದು ಬಿಟ್ಟಿಲ್ಲ, ಅದಕ್ಕೂ ಪರಿಹಾರಧನ ಮತ್ತು ಪ್ರಾಯಶ್ಚಿತ್ತವನ್ನು ವಿಧಿಸಿದೆ. ಆಂಬ್ಯುಲೆನ್ಸ್‌ಗೆ ದಾರಿ ಬಿಡದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಲ್ಲಿ 10,000 ರೂಪಾಯಿ ದಂಡವಿದೆ. ಅದು ಸರಿಯಾದುದೇ. ದಾರಿ ಪಡೆದ ನಮಗೂ ಹೊಣೆಯಿದೆ. ಖಾಲಿ ವಾಹನಕ್ಕೆ ಸೈರನ್ ಹಾಕಿ ಓಡಿಸುವವರು ಜನರ ನಂಬಿಕೆಯನ್ನು ಕದಿಯುತ್ತಾರೆ. ನಾಳೆ ನಿಜವಾದ ರೋಗಿಯಿರುವಾಗ ಜನ ಬದಿಗೆ ಸರಿಯದಿದ್ದರೆ ಆ ಪಾಪದಲ್ಲಿ ಅವರಿಗೂ ಪಾಲಿದೆ.

ಇನ್ನು ಎಲ್ಲಕ್ಕಿಂತ ಕಷ್ಟದ ಮಾತು. ಸಾಗಿಸಲೇಬಾರದಾದ ರೋಗಿಗಳಿದ್ದಾರೆ. ಮಳೆಗಾಲದ ಒಂದು ರಾತ್ರಿ ಎಂಬತ್ತು ದಾಟಿದ ಹಿರಿಯರೊಬ್ಬರನ್ನು ಬೆಂಗಳೂರಿಗೆ ಒಯ್ಯುತ್ತಿದ್ದೆವು. ಇನ್ನು ಯಾವ ಚಿಕಿತ್ಸೆಯಿಂದಲೂ ಪ್ರಯೋಜನವಿಲ್ಲವೆಂದು ವೈದ್ಯರು ಮೃದುವಾಗಿ, ಆದರೆ ಸ್ಪಷ್ಟವಾಗಿ ಹೇಳಿದ್ದರು. ಕೊಲ್ಲಿಯಲ್ಲಿದ್ದ ಹಿರಿಯ ಮಕ್ಕಳು ಫೋನಿನಲ್ಲಿ ಒಪ್ಪಲಿಲ್ಲ. “ಹಣದ ಚಿಂತೆ ಬೇಡ, ದೊಡ್ಡ ಆಸ್ಪತ್ರೆಗೆ ಒಯ್ಯಿರಿ” ಎಂದರು. ಊರಿನಲ್ಲಿದ್ದ ಕಿರಿಯ ಮಗನಿಗೆ ಅಣ್ಣಂದಿರ ಮಾತು ಮೀರುವ ಧೈರ್ಯವಿರಲಿಲ್ಲ. ಶಿರಾಡಿ ಘಾಟಿಯಲ್ಲಿ, ಸುರಿಯುವ ಮಳೆಯಲ್ಲಿ, ಫೋನಿಗೆ ಸಿಗ್ನಲ್ ಇಲ್ಲದಲ್ಲಿ ಅವರ ಉಸಿರು ಇಳಿಯತೊಡಗಿತು. ವಾಹನ ನಿಲ್ಲಿಸಿದೆವು. ಮಗ ತಂದೆಯ ಕಿವಿಯ ಬಳಿ ಕಲಿಮಾ ಹೇಳಿಕೊಟ್ಟರು. ಅಳುವಿನಿಂದ ಅವರ ಧ್ವನಿ ಕಟ್ಟಿದಾಗ ನಮ್ಮಲ್ಲೊಬ್ಬರು ಮುಂದುವರಿಸಿದರು. ಐವತ್ತೈದು ವರ್ಷ ಜೊತೆ ಬಾಳಿದ ಪತ್ನಿ ಅಲ್ಲಿರಲಿಲ್ಲ. ಮೊಮ್ಮಕ್ಕಳು ಇರಲಿಲ್ಲ. ಅವರು ದಿನವೂ ಐದು ಹೊತ್ತು ನಡೆದು ಹೋಗುತ್ತಿದ್ದ ಮಸೀದಿಯ ಬಾಂಗ್ ಕೇಳಿಸಲಿಲ್ಲ. ವೈಪರಿನ ಸದ್ದು ಮಾತ್ರ ಕೇಳಿಸುತ್ತಿತ್ತು.

ಮರಣದ ಸ್ಥಳ ಅಲ್ಲಾಹನ ನಿರ್ಣಯ. ಅದನ್ನು ಯಾರೂ ಬದಲಿಸಲಾರರು. ಆ ಮಕ್ಕಳ ಪ್ರೀತಿಯನ್ನೂ ನಾವು ಸಂಶಯಿಸುವುದಿಲ್ಲ. ಆದರೆ ದೂರದಲ್ಲಿರುವ ಮಕ್ಕಳ ಅಪರಾಧಿ ಭಾವಕ್ಕೆ ಸಾಯುತ್ತಿರುವ ತಂದೆಯ ದೇಹವನ್ನು 350 ಕಿಲೋಮೀಟರ್ ಕುಲುಕಿಸುವುದು ಸೇವೆಯೇ ಎಂದು ನಾವು ನಮ್ಮನ್ನೇ ಕೇಳಿಕೊಳ್ಳಬೇಕು. ಚಿಕಿತ್ಸೆ ಪಡೆಯುವುದು ಸುನ್ನತ್. ಫಲವಿಲ್ಲವೆಂದು ಬಲ್ಲವರು ಹೇಳಿದ ಚಿಕಿತ್ಸೆಯ ಹಿಂದೆ ಓಡುವುದು ಕಡ್ಡಾಯವಲ್ಲವೆಂದು ವಿದ್ವಾಂಸರು ತಿಳಿಸಿದ್ದಾರೆ. “ನಾವು ಎಲ್ಲವನ್ನೂ ಮಾಡಿದೆವು” ಎಂದು ಊರಿಗೆ ತೋರಿಸಬೇಕೆಂಬ ಹಂಬಲ ನಮ್ಮ ನಿರ್ಧಾರದಲ್ಲಿ ಸೇರದಿರಲಿ. ವೈದ್ಯರನ್ನು ನೇರವಾಗಿ ಕೇಳಿ: “ಅಲ್ಲಿಗೆ ಒಯ್ದರೆ ಇಲ್ಲಿ ಸಿಗದ ಯಾವ ಚಿಕಿತ್ಸೆ ಸಿಗುತ್ತದೆ? ಪ್ರಯಾಣವನ್ನು ಇವರ ದೇಹ ತಾಳೀತೇ?” ಉತ್ತರ ಆಶಾದಾಯಕವಾಗಿದ್ದರೆ ಒಂದು ಕ್ಷಣವೂ ತಡಮಾಡಬೇಡಿ, ನಮ್ಮನ್ನು ಕರೆಯಿರಿ. ಅಲ್ಲವಾದರೆ ಉಮ್ಮನನ್ನು, ಮಕ್ಕಳನ್ನು, ಮೊಮ್ಮಕ್ಕಳನ್ನು ಆ ಹಾಸಿಗೆಯ ಬಳಿಗೆ ಕರೆಯಿರಿ. ಅದು ಸೋಲಲ್ಲ, ಅದೂ ಹಕ್ಕುದಾರರಿಗೆ ಅಮಾನತ್ತನ್ನು ಒಪ್ಪಿಸುವ ಒಂದು ಬಗೆ.

ಸಾಗಿಸುವುದೆಂದು ತೀರ್ಮಾನವಾದ ಮೇಲೆ ಮನೆಯವರಿಂದ ನಾವು ಬಯಸುವುದು ಕೆಲವೇ ಸಂಗತಿಗಳನ್ನು. ಕಾಗದಪತ್ರಗಳೂ ಸ್ಕ್ಯಾನ್‌ಗಳೂ ಒಂದೇ ಚೀಲದಲ್ಲಿರಲಿ. ರೋಗಿ ಸೇವಿಸುತ್ತಿದ್ದ ಮಾತ್ರೆಗಳ ಚೀಟಿ ಜೊತೆಗಿರಲಿ. ವಾಹನದಲ್ಲಿ ಒಬ್ಬರು, ಹೆಚ್ಚೆಂದರೆ ಇಬ್ಬರು ಬರಲಿ. ಆರು ಮಂದಿ ಹತ್ತಿದರೆ ನಮಗೆ ಕೈಯಾಡಿಸಲು ಜಾಗವಿರುವುದಿಲ್ಲ. ಹಿಂದಿನಿಂದ ಕಾರು, ಬೈಕುಗಳಲ್ಲಿ ಅದೇ ವೇಗದಲ್ಲಿ ಬೆನ್ನಟ್ಟಬೇಡಿ. ನಾವು ಸಿಲಿಂಡರ್ ಪರೀಕ್ಷಿಸುವ ಹತ್ತು ನಿಮಿಷಗಳನ್ನು ನಮಗೆ ಬಿಟ್ಟುಕೊಡಿ. ಆ ಹೊತ್ತಿನಲ್ಲಿ ದುಆ ಮಾಡಿ. ಮುಳುಗುತ್ತಿರುವವನನ್ನು ರಕ್ಷಿಸಲು ನಮಾಝನ್ನೇ ಮುರಿಯಬಹುದೆಂದು ನಮ್ಮ ಫಿಕ್‌ಹ್ ಕಲಿಸಿದೆ. ಜೀವಕ್ಕೆ ಅಷ್ಟು ಬೆಲೆ ಕೊಟ್ಟ ದೀನಿನ ಅನುಯಾಯಿಗಳು ಹತ್ತು ನಿಮಿಷಗಳ ಸಿದ್ಧತೆಗೆ ಬೆಲೆ ಕೊಡಲಾರರೇ?

ಇನ್ನೊಬ್ಬರ ಜೀವವನ್ನು ಕೈಯಲ್ಲಿ ಹಿಡಿದವರ ಲೆಕ್ಕ ನಾಳೆ ಕಠಿಣವಾಗಿರುತ್ತದೆ. ಎಷ್ಟು ಗಂಟೆಯಲ್ಲಿ ತಲುಪಿದೆ ಎಂಬುದಕ್ಕಿಂತ, ಹೊರಡುವ ಮುನ್ನ ಸಿಲಿಂಡರ್ ನೋಡಿದೆಯಾ ಎಂಬ ಪ್ರಶ್ನೆಯನ್ನೇ ನಾವು ಹೆಚ್ಚು ಭಯಪಡುತ್ತೇವೆ. ನಮ್ಮ ವಾಹನಗಳಲ್ಲಿ ಮಲಗಿರುವ ಪ್ರತಿಯೊಬ್ಬ ರೋಗಿಗೂ ಅಲ್ಲಾಹನು ಶಿಫಾ ಕರುಣಿಸಲಿ. ದಾರಿಯಲ್ಲಿ ನಮ್ಮ ಕೈಯಿಂದ ಜಾರಿ ಅವನ ಬಳಿಗೆ ಮರಳಿದವರನ್ನು ಅವನು ಮನ್ನಿಸಲಿ. ಅವರ ವಿಷಯದಲ್ಲಿ ನಮ್ಮಿಂದಾದ ಲೋಪಗಳನ್ನೂ ಕ್ಷಮಿಸಲಿ. ಆಮೀನ್.